ಹಗಲಿಗಷ್ಟೇ ವಿದ್ಯಾರ್ಥಿನಿ

ಕನ್ನಡದ ಮತ್ತು ಮರಾಠಿಯ ದಲಿತ ಆತ್ಮಕಥೆಗಳನ್ನು ಸಾಲಾಗಿ ಇಟ್ಟುಕೊಂಡು ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಅವುಗಳಲ್ಲಿ ಹೆಚ್ಚಿನವು ಊರು ಬಿಟ್ಟವರ ಕಥೆಗಳು. ಕೇರಿಯಿಂದ ಸಾಲಿ, ಸಾಲಿಯಿಂದ ಹಾಸ್ಟೆಲ್ಲು, ಹಾಸ್ಟೆಲ್ಲಿನಿಂದ ಪಟ್ಟಣದ ಕಾಲೇಜು, ಅಲ್ಲಿಂದ ನೌಕರಿ. ನೌಕರಿ ಸಿಕ್ಕು, ಒಂದು ಮೇಜು, ಒಂದು ಕುರ್ಚಿ, ಬಾಗಿಲು ಮುಂದೆ ಮಾಡಿಕೊಂಡು ಕೂಡಬಹುದಾದ ಒಂದು ಕೋಣೆ ಅಂತ ಆದ ಮೇಲೆ ಬರವಣಿಗೆ.

ಅರವಿಂದ ಮಾಲಗತ್ತಿಯವರು ನಮ್ಮ ಮುದ್ದೇಬಿಹಾಳದವರು. ಧಾರವಾಡಕ್ಕೆ ಹೋಗಿ ಓದಿ, ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದವರು. ಅವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಮೀಸಲಾತಿ ಪಡೆದವನನ್ನು ಹಂಗಿಸುವ ಮಾತನ್ನೇ ತಲೆಬರಹ ಮಾಡಿಕೊಂಡ ಪುಸ್ತಕ ಅದು. ಸಿದ್ಧಲಿಂಗಯ್ಯನವರ 'ಊರುಕೇರಿ' ಮಾಗಡಿ ಸೀಮೆಯ ಮಂಚನಬೆಲೆಯಿಂದ ಹೊರಟು ಬೆಂಗಳೂರಿನ ಶ್ರೀರಾಮಪುರಕ್ಕೆ ಬರುತ್ತದೆ. ನಮ್ಮ ಗಡಿಗೆ ಹತ್ತಿಕೊಂಡೇ ಇರುವ ಅಕ್ಕಲಕೋಟೆ ತಾಲೂಕಿನ ಶರಣಕುಮಾರ ಲಿಂಬಾಳೆ 1984ರಲ್ಲಿ 'ಅಕ್ಕರಮಾಶಿ' ಬರೆದಾಗ ಊರು ಬಿಟ್ಟು ನೌಕರಿ ಹಿಡಿದಿದ್ದರು. ಮೂವರದೂ ಬೇರೆ ಬೇರೆ ಸ್ವಭಾವದ ಬರಹ. ಒಬ್ಬರದು ವ್ಯಂಗ್ಯ, ಇನ್ನೊಬ್ಬರದು ನಗೆ, ಮತ್ತೊಬ್ಬರದು ಕುದಿ. ಆದರೆ ಕಥೆ ಹೇಳುವವನು ನಿಂತ ಜಾಗ ಒಂದೇ. ಅವನು ಹಾದಿಯ ಆ ತುದಿಯಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡುತ್ತಿದ್ದಾನೆ.

ಈ ಪುಸ್ತಕಗಳನ್ನು ಸಣ್ಣವು ಮಾಡಲಿಕ್ಕೆ ಈ ಮಾತು ಆಡುತ್ತಿಲ್ಲ. ಇವು ಬರದೆ ಹೋಗಿದ್ದರೆ ನಮಗೆ ಬಾಯಿ ಇರುತ್ತಿರಲಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಊರು ಬಿಡದೆ ಓದಿದವರ ಕಥೆ ಎಲ್ಲಿ? ಬೆಳಿಗ್ಗೆ ವಿಶ್ವವಿದ್ಯಾಲಯಕ್ಕೆ ಹೋಗಿ ಸಂಜೆ ಅದೇ ಕೇರಿಗೆ ತಿರುಗಿ ಬರುವವರ ಅನುಭವಕ್ಕೆ ನಮ್ಮ ಸಾಹಿತ್ಯದಲ್ಲಿ ಯಾವ ರೂಪ ಇದೆ? ನಮ್ಮ ವಿಮರ್ಶೆ ಆ ಅನುಭವವನ್ನು ಅನುಭವ ಅಂತಲಾದರೂ ಗುರುತಿಸಿದೆಯೇ?

ಗುರುತಿಸಿಲ್ಲ ಎಂದೇ ಈ ಲೇಖನದ ವಾದ. 'ಕೇರಿಯಿಂದ ಪ್ರಾಧ್ಯಾಪಕ ಪೀಠದವರೆಗೆ' ಎಂದು ನಾವು ಹೊಗಳುವಾಗ ದೂರವನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ. ಎಷ್ಟು ದೂರ ಹೋದ ಅನ್ನುವುದರ ಮೇಲೆ ಎಷ್ಟು ಬೆಳೆದ ಅನ್ನುವುದನ್ನು ಎಣಿಸುತ್ತೇವೆ. ಹಾಗೆ ಎಣಿಸಿದರೆ ಊರಲ್ಲೇ ಉಳಿದು ಓದಿದವಳು ಅರ್ಧ ಹಾದಿಗೆ ನಿಂತವಳಾಗುತ್ತಾಳೆ. ಅವಳಿಗೆ ಕಥೆಯೇ ಇಲ್ಲ ಎಂದಾಗುತ್ತದೆ.

ದೂರಕ್ಕೆ ಬೆಲೆ ಬಂದದ್ದು ಸುಮ್ಮನೆ ಅಲ್ಲ, ನಿಜ. ಬಾಬಾಸಾಹೇಬರ ಬದುಕನ್ನೇ ನೋಡಿ. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. 1917ರಲ್ಲಿ ತಿರುಗಿ ಬಂದು ಬರೋಡದಲ್ಲಿ ನೌಕರಿಗೆ ನಿಂತಾಗ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಹೆಸರು ಮರೆಸಿ ಇದ್ದರು. ಗೊತ್ತಾದ ಮೇಲೆ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. ಪರದೇಶದ ವಾಸದಲ್ಲಿ ತಾನು ಅಸ್ಪೃಶ್ಯ ಅನ್ನುವ ಎಚ್ಚರವೇ ಅಳಿಸಿಹೋಗಿತ್ತು ಎಂದು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಅವರು ಹೇಳಿಕೊಳ್ಳುತ್ತಾರೆ. ಮರೆಯುವಷ್ಟು ದೂರ ಹೋದವರಿಗೆ ಊರು ಒಂದೇ ದಿನದಲ್ಲಿ ನೆನಪು ಮಾಡಿಕೊಟ್ಟಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯ ಬಗ್ಗೆ ಅಷ್ಟು ಕಟುವಾಗಿ ಮಾತಾಡಿದ್ದು ಇಂಥ ಬದುಕಿನ ಬಲದ ಮೇಲೆ. ಹಳ್ಳಿಯನ್ನು ಸ್ವರ್ಗ ಮಾಡಿ ಬರೆದ ನಮ್ಮ ನವೋದಯದವರಿಗೆ ಅದು ಕೇಳಿಸಲಿಲ್ಲ. ಕೇಳಿಸಿದವರು ಊರು ಬಿಟ್ಟರು.

ಊರು ಬಿಟ್ಟವನಿಗೆ ದಕ್ಕುವುದು ಏನು? ನಮ್ಮ ಕಡೆ ಹೊಸಬರನ್ನು ಕಂಡರೆ ಕೇಳುವ ಒಂದು ಮಾತಿದೆ: "ನೀವು ಯಾರ ಪೈಕಿ?" ಇದು ಜಾತಿ ಕೇಳುವ ಸಭ್ಯ ದಾರಿ. ಧಾರವಾಡದಲ್ಲಿ ಬಾಡಿಗೆ ಕೋಣೆ ಹುಡುಕುವ ಹುಡುಗನಿಗೆ ಈ ಪ್ರಶ್ನೆ ಬರುತ್ತದೆ. ಅವನು "ಬಿಜಾಪುರ ಕಡೆಯವ್ರು ರೀ" ಅನ್ನಬಹುದು. ಸುಳ್ಳು ಹೆಸರು ಹೇಳಬಹುದು. ಎದೆ ಗಟ್ಟಿ ಇದ್ದರೆ ಇದ್ದದ್ದನ್ನೇ ಹೇಳಿ ಜಗಳ ಆಡಬಹುದು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಗೇಣು ಜಾಗ ಇರುತ್ತದೆ. ಆ ಗೇಣು ಜಾಗದಲ್ಲೇ ನಮ್ಮ ಎಷ್ಟೋ ಜನ ಮನುಷ್ಯರಾಗಿ ನಿಂತರು, ಸಂಘಟನೆ ಕಟ್ಟಿದರು, ಕವಿತೆ ಬರೆದರು. 1973ರಲ್ಲಿ ಬಸವಲಿಂಗಪ್ಪನವರ 'ಬೂಸಾ' ಮಾತಿನ ಗಲಾಟೆ ಎದ್ದಾಗ ಕಾಲೇಜು, ಹಾಸ್ಟೆಲ್ಲುಗಳಲ್ಲಿ ಏಟು ತಿಂದವರು, ತಿರುಗಿ ನಿಂತವರು ಇಂಥ ವಿದ್ಯಾರ್ಥಿಗಳೇ.

ಸ್ವಂತ ಊರಲ್ಲಿ ಯಾರೂ "ಯಾರ ಪೈಕಿ" ಅಂತ ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿದೆ. ಕೇಳದೆಯೇ ಉತ್ತರ ಬರೆದಿಟ್ಟ ಜಾಗ ಅದು.

ಈಗ ಬಸವನ ಬಾಗೇವಾಡಿ ಸೀಮೆಯ ಮುಳವಾಡದಿಂದ ವಿಜಯಪುರಕ್ಕೆ ಓದಲು ಹೋಗುವ ಒಬ್ಬ ಹುಡುಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು ಬೇಡ; ಅಂಥವರು ಇಂಡಿಯಲ್ಲೂ ಸಿಂದಗಿಯಲ್ಲೂ ಇದ್ದಾರೆ. ಮುಳವಾಡ ಗದಗ-ಹೋಟಗಿ ರೈಲು ಹಾದಿಯ ಒಂದು ನಿಲ್ದಾಣ. ಅವಳ ಅಪ್ಪನ ಕಾಲಕ್ಕೆ ಎಂ.ಎ. ಅಂದರೆ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದಾಗಿನಿಂದ ಈ ಸೀಮೆಯ ಮಕ್ಕಳು ಅಲ್ಲಿಗೇ ನಡೆದರು. 1980ರಲ್ಲಿ ಗುಲಬರ್ಗಾದಲ್ಲೊಂದು ವಿಶ್ವವಿದ್ಯಾಲಯ ಆಯಿತು. 2003ರಲ್ಲಿ ಬಿಜಾಪುರದಲ್ಲೇ ಕರ್ನಾಟಕ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಬಂತು. ಅದರ ಆವರಣ ಊರ ಹೊರಗಿನ ತೊರವಿಯಲ್ಲಿದೆ. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದ ಮೇಲೆ ಜಿಲ್ಲೆಯ ಉಳಿದ ಕಾಲೇಜುಗಳು ಅದರ ಕೈಗೆ ಹೋದವು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು, 2017ರಲ್ಲಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಅಕ್ಕಮಹಾದೇವಿಯ ಹೆಸರು ಬಂತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೇಟು ಪುಕ್ಕಟೆ. ವಿಶ್ವವಿದ್ಯಾಲಯವೂ ಹತ್ತಿರ, ಬಸ್ಸಿಗೂ ರೊಕ್ಕ ಇಲ್ಲ. ಇನ್ನು ಹಾಸ್ಟೆಲ್ಲು ಯಾಕೆ? "ದಿನಾ ಹೋಗಿ ದಿನಾ ಬಾ" ಅನ್ನುತ್ತದೆ ಮನೆ.

ಇಂಥವರಿಗೆ ಸರ್ಕಾರದ ಕಾಗದದಲ್ಲಿ ಒಂದು ಹೆಸರಿದೆ: ಡೇ ಸ್ಕಾಲರ್. ವಿದ್ಯಾರ್ಥಿವೇತನದಲ್ಲೂ ಹಾಸ್ಟೆಲ್ಲಿನಲ್ಲಿ ಇರುವವರಿಗೆ ಹೆಚ್ಚು, ಮನೆಯಿಂದ ಬರುವವರಿಗೆ ಕಡಿಮೆ. ಮನೆಯಲ್ಲಿ ಉಣ್ಣುತ್ತಾಳಲ್ಲ ಅನ್ನುವುದು ಲೆಕ್ಕ. ಆ ಮನೆಯಲ್ಲಿ ಏನು ಇದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಡೇ ಸ್ಕಾಲರ್ ಅಂದರೆ ಹಗಲಿಗಷ್ಟೇ ವಿದ್ಯಾರ್ಥಿನಿ. ಸಂಜೆ ಬಸ್ಸಿಳಿದಳು ಅಂದರೆ ಅವಳು ಮತ್ತೆ ಆ ಕೇರಿಯ, ಆ ಮನೆಯ ಮಗಳು. ರೊಟ್ಟಿ ಬಡಿಯಬೇಕು, ನೀರು ತರಬೇಕು. ಉಳ್ಳಾಗಡ್ಡಿ ಕೀಳುವ ದಿನಗಳು ಬಂದರೆ ಕ್ಲಾಸು ಬಿಟ್ಟು ಅವ್ವನ ಸಂಗಡ ಕೂಲಿಗೆ ನಡೆಯಬೇಕು. ಕಟ್ಟೆಯ ಮೇಲೆ ಕುಂತವರು, "ಇಕಿ ನಮ್ಮ ಹೊಲದಾಗ ಕಸಾ ತೆಗ್ಯಾಕ ಬರ್ತಿದ್ದಾಕಿ ಮಗಳಲ್ಲೇನು? ಇಷ್ಟು ಕಲ್ತು ಏನು ಮಾಡಾಕಿ?" ಅನ್ನುತ್ತಾರೆ. ಹಗಲು ತೊರವಿಯಲ್ಲಿ ವಚನಕಾರರ ಸಮಾನತೆಯ ಮೇಲೆ ಟಿಪ್ಪಣಿ ಬರೆದುಕೊಂಡವಳು, ಸಂಜೆ ಅದೇ ನೋಟುಬುಕ್ಕು ಬಗಲಲ್ಲಿ ಹಿಡಿದು ಆ ಕಟ್ಟೆ ದಾಟಬೇಕು.

ಇದನ್ನು ಓದಿ "ಅಯ್ಯೋ ಪಾಪ" ಅನ್ನುವವರ ಸಹವಾಸ ನಮಗೆ ಬೇಡ. "ಅವಳೂ ಊರು ಬಿಡಲಿ" ಅನ್ನುವ ಸರಳ ಉತ್ತರವೂ ಸಾಲದು. ಯಾಕೆಂದರೆ ವಿಶ್ವವಿದ್ಯಾಲಯ ಹತ್ತಿರ ಬರದಿದ್ದರೆ ಅವಳು ಎಂ.ಎ. ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಅಣ್ಣನನ್ನು ಧಾರವಾಡಕ್ಕೆ ಕಳಿಸಿದ ಅಪ್ಪ ತಂಗಿಯನ್ನು ಕಳಿಸಲಿಲ್ಲ. ಗಂಡು ಊರು ಬಿಟ್ಟು ಓದಿದ ಪ್ರತಿ ಕಥೆಯ ಹಿಂದೆ, ಅವನ ಫೀಜಿಗಾಗಿ ಕೂಲಿಗೆ ಹೋದ ಅವ್ವ ಇದ್ದಾಳೆ, ಸಾಲಿ ಬಿಟ್ಟು ಎಮ್ಮೆ ಕಾಯ್ದ ತಂಗಿ ಇದ್ದಾಳೆ. ಅವರು ಆತ್ಮಕಥೆಯಲ್ಲಿ ಪಾತ್ರಗಳಾಗಿ ಬರುತ್ತಾರೆ, ಕಣ್ಣೀರು ತರಿಸುತ್ತಾರೆ, ಹೋಗುತ್ತಾರೆ. ಕಥೆ ಹೇಳುವ ಹಕ್ಕು ಬಿಟ್ಟು ಹೋದವನದು. ಅಂದರೆ ಊರು ಬಿಡುವ ಈ ರೂಪ ಬಹಳ ಮಟ್ಟಿಗೆ ಗಂಡಿನ ರೂಪ. ನಮ್ಮ ಚಳವಳಿಯ ವಿಮರ್ಶೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳಿಕೊಂಡಿಲ್ಲ.

ಹೊರಗೆ ಹೋಗದೆ ಬರೆದವರು ಇಲ್ಲವೆ? ಇದ್ದಾರೆ. ಮಹಾರಾಷ್ಟ್ರದ ಫಲಟಣದ ಬೇಬಿ ಕಾಂಬಳೆ. ತನ್ನ ಸಣ್ಣ ಅಂಗಡಿಯಲ್ಲಿ ಕುಂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದರು. ಬರೆದದ್ದನ್ನು ಗಂಡನ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಮುಚ್ಚಿಟ್ಟರು. ಪುಸ್ತಕ 1986ರಲ್ಲಿ ಹೊರಬಂತು. ಅದರ ತಲೆಬರಹವೇ 'ನಮ್ಮ ಬದುಕು' ಎಂಬ ಅರ್ಥದ್ದು. ಅಲ್ಲಿ 'ನಾನು' ಕಡಿಮೆ, 'ನಾವು' ಹೆಚ್ಚು. ಒಬ್ಬ ಮನುಷ್ಯ ಮೇಲೇರಿದ ಕಥೆ ಅಲ್ಲ ಅದು, ಮಹಾರವಾಡೆಯ ಹೆಂಗಸರ ಹಸಿವು, ಹೆರಿಗೆ, ಹೊಡೆತಗಳ ಕಥೆ. ಕೇರಿಯ ಗಂಡಸರನ್ನೂ ಅದು ಬಿಡುವುದಿಲ್ಲ. ಊರಲ್ಲೇ ಉಳಿದವಳಿಗೆ ಕಾಣುವ ಈ ಸತ್ಯ ದೂರದಿಂದ ತಿರುಗಿ ನೋಡುವವನಿಗೆ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ದೂರ ಹೋದವನಿಗೆ ಕೇರಿ ನೆನಪು. ನೆನಪು ಎಷ್ಟೇ ಉರಿದರೂ ಆರುತ್ತ ಬರುತ್ತದೆ. ಉಳಿದವಳಿಗೆ ಕೇರಿ ನಾಳೆ ಬೆಳಿಗ್ಗೆ.

ಹಾಗಾದರೆ ಹತ್ತಿರದ ವಿಶ್ವವಿದ್ಯಾಲಯ ಒಳ್ಳೆಯದೋ ಕೆಟ್ಟದ್ದೋ? ಈ ಪ್ರಶ್ನೆಗೆ ಬಾಬಾಸಾಹೇಬರೇ ಎರಡನೆಯ ಉತ್ತರ ಕೊಟ್ಟಿದ್ದಾರೆ. ಹಳ್ಳಿಯನ್ನು ಅಷ್ಟು ಕಟುವಾಗಿ ಕಂಡವರೇ 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಅಲ್ಲಿಗೇ ನಿಲ್ಲಿಸಲಿಲ್ಲ. 1950ರಲ್ಲಿ, ಆಗ ಹೈದರಾಬಾದ್ ಸೀಮೆಗೆ ಸೇರಿದ್ದ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜು ತೆರೆದರು. ಅದೇ ಮುಂದೆ ಮಿಲಿಂದ ಕಾಲೇಜು ಎಂದು ಹೆಸರಾಯಿತು. ಮುಂಬೈಗೆ ಬರಲಾಗದ ಮರಾಠವಾಡದ ಬಡ ಮಕ್ಕಳ ಹತ್ತಿರಕ್ಕೆ ಕಾಲೇಜನ್ನೇ ಒಯ್ದರು. ಮರಾಠಿ ದಲಿತ ಸಾಹಿತ್ಯದ ದೊಡ್ಡ ಬೇರು ಅಲ್ಲಿದೆ. ಅಂದರೆ ಹತ್ತಿರ ಎಂಬುದೇ ದೋಷ ಅಲ್ಲ. ಹತ್ತಿರ ಬಂದದ್ದು ಯಾರ ಪರವಾಗಿ ನಿಂತಿದೆ ಅನ್ನುವುದೇ ಮುಖ್ಯ.

ಅದೇ ಔರಂಗಾಬಾದಿನ ಇನ್ನೊಂದು ಪಾಠವನ್ನೂ ಮರೆಯಬಾರದು. ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡಲು 1978ರ ಜುಲೈ 27ರಂದು ವಿಧಾನಮಂಡಲ ಠರಾವು ಮಾಡಿತು. ಸಿಟ್ಟು ಎದ್ದದ್ದು ವಿಶ್ವವಿದ್ಯಾಲಯದ ಹೆಸರಿನ ಮೇಲೆ, ಬೆಂಕಿ ಬಿದ್ದದ್ದು ಹಳ್ಳಿಗಳ ದಲಿತ ಕೇರಿಗಳಿಗೆ. ಮನೆಗಳು ಸುಟ್ಟವು, ಜನ ಸತ್ತರು, ಊರು ಬಿಟ್ಟರು. ಹೆಸರು ಬದಲಾಗಲು 1994ರ ಜನವರಿ 14ರವರೆಗೆ ಕಾಯಬೇಕಾಯಿತು. ವಿಶ್ವವಿದ್ಯಾಲಯ ಬೇರೆ, ಹಳ್ಳಿ ಬೇರೆ ಅಂದುಕೊಂಡವರು ಇದನ್ನು ಓದಬೇಕು. ಎರಡರ ನಡುವಿನ ಗೋಡೆ ಮೇಲ್ಜಾತಿಯ ಕಣ್ಣಿಗೆ ಎಂದೂ ಇರಲಿಲ್ಲ. ಇನ್ನು ದೂರ ಹೋದರೆ ಪಾರಾದೆವು ಅನ್ನುವುದಕ್ಕೂ ಆಧಾರ ಇಲ್ಲ. ಗುಂಟೂರಿನಿಂದ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಹೋದ ರೋಹಿತ್ ವೇಮುಲ 2016ರ ಜನವರಿ 17ರಂದು ಪ್ರಾಣ ಬಿಟ್ಟರು. ಊರು ದಾಟಿದರೂ ಊರಿನ ಕೈ ಉದ್ದ ಇದೆ.

ನಮ್ಮ ಸೀಮೆಯವರಿಗೆ ಅರ್ಥವಾಗುವ ಒಂದು ಹೋಲಿಕೆ ಹೇಳುತ್ತೇನೆ. ಮುಳವಾಡ ಅಂದರೆ ಇಂದು ರಾಜ್ಯಕ್ಕೆ ಗೊತ್ತಿರುವುದು ಏತ ನೀರಾವರಿ. ಆಲಮಟ್ಟಿ ಹಿನ್ನೀರನ್ನು ಯಂತ್ರದಿಂದ ಮೇಲೆತ್ತಿ ಎತ್ತರದ ಒಣಭೂಮಿಗೆ ಹರಿಸುವ ಯೋಜನೆ. ನೀರು ಮೇಲೆ ಬಂತು ಅಂದರೆ ಹಬ್ಬವೇ. ಬರ ಉಂಡವರಿಗೆ ಅದರ ಬೆಲೆ ಗೊತ್ತು. ಆದರೆ ಕಾಲುವೆ ಊರಿಗೆ ಬಂದರೆ ನೀರು ಹರಿಯುವುದು ಹೊಲ ಇದ್ದವರ ಹೊಲಕ್ಕೆ. ಹೊಲ ಇಲ್ಲದವನಿಗೆ ನೀರಾವರಿ ಅಂದರೆ ಹೆಚ್ಚೆಂದರೆ ನಾಲ್ಕು ದಿನದ ಹೆಚ್ಚಿನ ಕೂಲಿ. ವಿಶ್ವವಿದ್ಯಾಲಯವೂ ಹೀಗೆಯೇ. ಮನೆಯಲ್ಲಿ ಪುಸ್ತಕ ಇದ್ದವರಿಗೆ, ಸಂಜೆ ಕೂತು ಓದಲು ಕೋಣೆ ಇದ್ದವರಿಗೆ, ಇಂಗ್ಲಿಷ್ ಬಲ್ಲ ಮಾವ ಇದ್ದವರಿಗೆ ಅದು ನೀರು. ಉಳಿದವರಿಗೆ ಅದು ಮಗ್ಗುಲಲ್ಲಿ ಹಾದು ಹೋಗುವ ಕಾಲುವೆ. ಕಾಲುವೆ ಬೇಡ ಅನ್ನುವುದು ಮೂರ್ಖತನ. ಭೂಮಿಯ ಪ್ರಶ್ನೆ ಎತ್ತದೆ ಕಾಲುವೆಯನ್ನು ಹೊಗಳುವುದು ಮೋಸ.

ಆ ಮೋಸ ಪಾಠದ ಕೋಣೆಯಲ್ಲಿ ಹೇಗೆ ನಡೆಯುತ್ತದೆ ನೋಡಿ. ಕನ್ನಡ ಎಂ.ಎ. ಓದುವ ಹುಡುಗಿಗೆ ಜಾನಪದದಲ್ಲಿ ಕ್ಷೇತ್ರಕಾರ್ಯ ಅಂತ ಇರುತ್ತದೆ. ಹಳ್ಳಿಗೆ ಹೋಗಿ ಹಾಡು ಸಂಗ್ರಹಿಸಿ ತರಬೇಕು. ಅವಳು ಎಲ್ಲಿಗೆ ಹೋಗಬೇಕು? ಮನೆಗೇ ಹೋಗುತ್ತಾಳೆ. ಅವ್ವನ ಬಾಯಿಂದ ಬೀಸುವ ಹಾಡು, ಸೋಬಾನ ಪದ ಬರೆದುಕೊಂಡು ಬರುತ್ತಾಳೆ. ಪ್ರಬಂಧದ ಕೊನೆಯ ಪುಟದಲ್ಲಿ ಅವ್ವ 'ವಕ್ತೃ' ಆಗುತ್ತಾಳೆ. ವಯಸ್ಸು ಇಷ್ಟು, ಅನಕ್ಷರಸ್ಥೆ, ಕಸುಬು ಕೂಲಿ. ಹಾಡಿಗೆ ಅಂಕ ಇದೆ. ಆ ಹಾಡು ಬೀಸಿದ ಜೋಳ ಯಾರ ಮನೆಯದು, ಯಾರ ಪಡಸಾಲೆಯ ಹೊರಗೆ ಕುಂತು ಹಾಡಿದ್ದು, ಹಾಡಿದ ಮೇಲೆ ಮೊರಕ್ಕೆ ಎಷ್ಟು ಬಿತ್ತು ಅನ್ನುವುದಕ್ಕೆ ಅಂಕ ಇಲ್ಲ. ಹೊರಗಿನಿಂದ ಬಂದ ಸಂಶೋಧಕನಿಗೆ ಇವು ಕಾಣದಿದ್ದರೆ ಒಂದು ಮಾತು. ಕಂಡವಳನ್ನೇ ಕಾಣದವಳಂತೆ ಬರೆಯಲು ಕಲಿಸುವುದು ಬೇರೆ ಮಾತು. ವಿಶ್ವವಿದ್ಯಾಲಯ ಅವಳಿಂದ ಕೇರಿಯ ಹಾಡನ್ನು ತೆಗೆದುಕೊಳ್ಳುತ್ತದೆ, ಕೇರಿಯ ಜ್ಞಾನವನ್ನು ಬಾಗಿಲ ಹೊರಗೆ ಬಿಡಿಸುತ್ತದೆ. ಚಪ್ಪಲಿ ಬಿಡಿಸಿದ ಹಾಗೆ.

ಇನ್ನು ಹೆಸರಿನ ಮಾತು. ನಮ್ಮ ಸೀಮೆಯ ದೊಡ್ಡವರೆಲ್ಲ ಮನೆ ಬಿಟ್ಟವರೇ. ಬಸವಣ್ಣ ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ ನಡೆದ. ಅಕ್ಕ ಉಡುತಡಿ ಬಿಟ್ಟು ಕಲ್ಯಾಣಕ್ಕೆ ಬಂದಳು, ಅಲ್ಲಿಂದ ಶ್ರೀಶೈಲದ ದಾರಿ ಹಿಡಿದಳು. ಮನೆ, ಗಂಡ, ಉಡುಗೆ ಎಲ್ಲವನ್ನೂ ಬಿಟ್ಟವಳ ಹೆಸರು ಹೊತ್ತ ವಿಶ್ವವಿದ್ಯಾಲಯಕ್ಕೆ, ಮನೆ ಬಿಡಲು ಅಪ್ಪಣೆ ಸಿಗದ ಹುಡುಗಿಯರು ದಿನಾ ಹೋಗಿ ದಿನಾ ಬರುತ್ತಾರೆ. ಇದನ್ನು ಬರೀ ವ್ಯಂಗ್ಯ ಅಂತ ಬಿಡಬಾರದು. ಅಕ್ಕನ ಬಿಟ್ಟು ಹೋಗುವಿಕೆಯನ್ನು ಪಾಠ ಹೇಳುವ ಮೇಷ್ಟ್ರು, ಎದುರಿಗೆ ಕುಂತವಳು ಐದು ಗಂಟೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಏನು ಉತ್ತರ ಹೇಳಬೇಕು ಅಂತ ಗಡಿಯಾರ ನೋಡುತ್ತಿದ್ದಾಳೆ ಅನ್ನುವುದನ್ನೂ ತಿಳಿದುಕೊಂಡರೆ, ವಚನದ ಅರ್ಥವೇ ಬೇರೆ ಆದೀತು.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು ವಿಮರ್ಶೆಯ ಕೆಲಸ. ಊರು ಬಿಟ್ಟವರ ಅಳತೆಗೋಲನ್ನು ಉಳಿದವರ ಮೇಲೆ ಹಿಡಿಯುವುದನ್ನು ನಿಲ್ಲಿಸಬೇಕು. ಅವಳ ಬರಹ ತುಂಡು ತುಂಡಾಗಿ ಬರಬಹುದು. ಬಸ್ಸಿನಲ್ಲಿ ಬರೆದದ್ದು ಹಾಗೆಯೇ ಬರುತ್ತದೆ. ಅದರಲ್ಲಿ ಗೆಲುವಿನ ಕೊನೆ ಇರಲಿಕ್ಕಿಲ್ಲ, ಯಾಕೆಂದರೆ ಅವಳು ಇನ್ನೂ ನಡುವೆ ಇದ್ದಾಳೆ. 'ನಾನು' ಎಲ್ಲಿ ಮುಗಿದು 'ನಾವು' ಎಲ್ಲಿ ಶುರುವಾಯಿತು ಅಂತ ತಿಳಿಯದೆ ಹೋಗಬಹುದು. ಹೆಸರು ಹಾಕದೆ ಬರೆಯಬಹುದು. ನಾಳೆ ಅದೇ ಕಟ್ಟೆ ದಾಟಬೇಕಾದವಳಿಗೆ ಅದು ಹೇಡಿತನ ಅಲ್ಲ. ಇವನ್ನೆಲ್ಲ ಕೊರತೆ ಅನ್ನದೆ ರೂಪ ಅಂತ ಓದುವ ಕಣ್ಣು ನಮಗೆ ಬೇಕು. ಬಂಡಾಯ ಅಂದರೆ ಕೂಗು ಮಾತ್ರ ಎಂದು ತಿಳಿದ ಕಿವಿಗೆ ಅವಳ ಮೆಲುದನಿ ಕೇಳಿಸದು.

ಎರಡನೆಯದು ಚಳವಳಿಯ ಕೆಲಸ. ಹತ್ತಿರದ ಊರಿನ ಹುಡುಗಿಗೂ ಹಾಸ್ಟೆಲ್ಲಿನಲ್ಲಿ ಜಾಗ ಇರಬೇಕು. ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಾರದು. ಸಂಜೆ ಗ್ರಂಥಾಲಯ ಮುಗಿಸಿ ಬರುವವರಿಗೆ ಬಸ್ಸು ಇರಬೇಕು. ಹಳ್ಳಿಯ ಪಂಚಾಯತಿ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಎಂದು ಹೆಸರಿದೆ. ರಾತ್ರಿ ಎಂಟರವರೆಗೆ ಅಲ್ಲಿ ದೀಪ ಉರಿಯಬೇಕು, ಕೇರಿಯ ಹುಡುಗಿ ಅಲ್ಲಿನ ಕುರ್ಚಿಯ ಮೇಲೆ ಅಂಜಿಕೆ ಇಲ್ಲದೆ ಕೂಡುವಂತಿರಬೇಕು. ಹಳ್ಳಿಯ ಮೇಷ್ಟ್ರುಗಳು ಇದೊಂದನ್ನು ನೋಡಿಕೊಂಡರೂ ಸಣ್ಣ ಕೆಲಸ ಅಲ್ಲ. ವಿದ್ಯಾರ್ಥಿ ಗೆಳೆಯರು ತಮ್ಮ ತರಗತಿಯಲ್ಲಿ, ಕ್ಷೇತ್ರಕಾರ್ಯದ ಪ್ರಬಂಧದಲ್ಲಿ ಹಾಡಿನ ಪಕ್ಕಕ್ಕೆ ಹೊಲದ ಸರ್ವೇ ನಂಬರನ್ನೂ ಕೂಲಿಯ ಲೆಕ್ಕವನ್ನೂ ಬರೆಯುವ ಹಕ್ಕು ಕೇಳಬೇಕು.

ಮೂರನೆಯದು ಇಂಥ ಪತ್ರಿಕೆಗಳ ಕೆಲಸ. ಅವಳು ನೌಕರಿ ಹಿಡಿದು, ಊರು ಬಿಟ್ಟು, ಇಪ್ಪತ್ತು ವರ್ಷ ಆದ ಮೇಲೆ ಆತ್ಮಕಥೆ ಕಳಿಸಲಿ ಅಂತ ಕಾಯುತ್ತ ಕೂಡಬಾರದು. ಅವಳು ಇವತ್ತು ಬರೆದ ಎರಡು ಪುಟವನ್ನು ಇವತ್ತೇ ತರಿಸಿಕೊಂಡು ಅಚ್ಚು ಹಾಕಬೇಕು.